ಗೋಡೆಯಾಚೆಯ ಗೆಳತಿ

(ಮಹಿಳಾ ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ನನ್ನನ್ನು ಕರೆದಾಗ ‘ವರದಕ್ಷಿಣೆ ಮತ್ತು ಕಾನೂನು’ ಎಂಬ ವಿಷಯ ಕೊಟ್ಟಿದ್ದರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಕಾನೂನಿನ ಕಲಂಗಳನ್ನು ಒಂದೊಂದಾಗಿ ಒಪ್ಪಿಸಿ ಕೂತುಬಿಡುವುದು ನನಗೆ ಕಷ್ಟವೇನಲ್ಲ. ಕಲಂಗಳನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಇಬ್ಬರು ಹೆಂಗಸರ ವಿಚಾರ ಹೇಳಬೇಕು. ಒಬ್ಬಳಿಗೆ ಮಗಳು ಹೋಗಿದ್ದಳು. ಇನ್ನೊಬ್ಬಾಕೆ ಆ ಮಗಳ ಚೀರಾಟ ಕೇಳಿಸಿಕೊಂಡೂ ಸುಮ್ಮನಿದ್ದವರು. ಇವರಿಬ್ಬರೂ ಕೊನೆಗೆ ಗೆಳತಿಯರಾದರು. ಅದು ಹೇಗಾಯಿತು ಅನ್ನುವುದೇ ನಾನು ಇವತ್ತು ಹೇಳಬೇಕಾದ ಮಾತು. ಊರಿನ ಹೆಸರಾಗಲಿ, ಅವರ ಹೆಸರಾಗಲಿ ಹೇಳುವುದಿಲ್ಲ. ‘ಹೇಳು, ಆದರೆ ಹೆಸರು ಬೇಡ’ ಎಂದು ಇಬ್ಬರೂ ನನಗೆ ಹೇಳಿದ್ದರು.

ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಕೊಬ್ಬರಿ ಮಂಡಿಗಳು, ಒಂದು ಬಸ್‌ಸ್ಟ್ಯಾಂಡು, ವಾರಕ್ಕೊಂದು ಸಂತೆ, ಒಂದು ಜೂನಿಯರ್ ಕಾಲೇಜು. ಬಸ್‌ಸ್ಟ್ಯಾಂಡಿನ ಅರಳಿಕಟ್ಟೆಯ ಪಕ್ಕದಲ್ಲಿ ಹೂವು ಮಾರುತ್ತಿದ್ದವಳನ್ನು ಊರೆಲ್ಲ ‘ಹೂವಿನಕ್ಕ’ ಅನ್ನುತ್ತಿತ್ತು. ಗಂಡ ಇರಲಿಲ್ಲ, ಒಬ್ಬಳೇ ಮಗಳು. ಕನಕಾಂಬರ, ಕಾಕಡ, ಸೇವಂತಿಗೆ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಿ ಆ ಮಗಳನ್ನು ಪಿಯುಸಿವರೆಗೆ ಓದಿಸಿದ್ದಳು. ಹುಡುಗಿ ನನ್ನ ತರಗತಿಯಲ್ಲೇ ಇದ್ದಳು. ಮುಂದಿನ ಬೆಂಚು, ಚಿಕ್ಕ ಧ್ವನಿ, ನೋಟ್ಸ್ ಬರೆಯುವುದರಲ್ಲಿ ಅಚ್ಚುಕಟ್ಟು. ಎರಡನೇ ವರ್ಷದ ಪಿಯುಸಿಯಲ್ಲಿದ್ದಾಗ, 1996ರಲ್ಲಿ ಮದುವೆ ಗೊತ್ತಾಯಿತು. ಹುಡುಗ ಅದೇ ಊರಿನ ಒಂದು ಮಂಡಿಯಲ್ಲಿ ಗುಮಾಸ್ತ. ‘ಮಗಳು ಕಣ್ಣೆದುರಿಗೇ ಇರ್ತಾಳೆ’ ಎಂದು ತಾಯಿಗೆ ಸಮಾಧಾನ. ಹದಿನೈದು ಸಾವಿರ ನಗದು, ಎರಡೆಳೆ ಸರ, ಒಂದು ವಾಚು, ತಾಮ್ರದ ಹಂಡೆ. ನಗದು ಪೂರ್ತಿ ಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಮೊಪೆಡ್ ಬೇಕು ಎಂಬ ಮಾತು ಶುರುವಾಯಿತು. ಹೂವಿನಕ್ಕ ‘ದೀಪಾವಳಿಗೆ ನೋಡಾನ, ಯುಗಾದಿಗೆ ನೋಡಾನ’ ಎಂದು ಮುಂದೂಡುತ್ತ ಬಂದಳು. 1998ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ‘ನಿನ್ನ ಮಗಳಿಗೆ ಸ್ಟೌ ಸಿಡಿದದೆ’ ಎಂದು ಯಾರೋ ಓಡಿಬಂದು ಹೇಳಿದರು. ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ದಾರಿಯಲ್ಲೇ ಜೀವ ಹೋಯಿತು. ವ್ಯಾನಿನಲ್ಲಿ ಪಕ್ಕದಲ್ಲಿ ಕೂತವಳು ಅತ್ತೆ. ತಾಯಿಗೆ ಜಾಗ ಇರಲಿಲ್ಲ. ಹುಡುಗಿಯ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಆಕಸ್ಮಿಕ ಸಾವು ಎಂದು ಕಾಗದವಾಯಿತು.

ಆ ದಿನಗಳಲ್ಲಿ ಇಂಥ ಕಾಗದಗಳು ಎಷ್ಟು ಆಗುತ್ತಿದ್ದವು ಎಂಬುದು ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹೋಗಿ, ಈ ‘ಸ್ಟೌ ಸಿಡಿತ’ ಎಂಬ ಎರಡು ಪದಗಳ ಹಿಂದೆ ಏನೇನು ಮುಚ್ಚಿಹೋಗುತ್ತಿದೆ ಎಂದು ಹೊರಗೆ ತಂದರು. ಸ್ಟೌ ಯಾಕೆ ಯಾವಾಗಲೂ ಸೊಸೆಯ ಕೈಯಲ್ಲೇ ಸಿಡಿಯುತ್ತದೆ ಎಂದು ಕೇಳಿದರು. ನಮ್ಮ ಸಣ್ಣ ಊರಿನಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ.

ಮಗಳು ಸತ್ತ ತಾಯಿಗೆ ಅಳುವುದಕ್ಕೂ ಜಾಗ ಬೇಕು. ಹೂವಿನಕ್ಕನಿಗೆ ಆ ಜಾಗವೇ ಸಿಗಲಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅನ್ನುತ್ತೇವಲ್ಲ, ಹಾಗೆ ದಫನು, ಹನ್ನೊಂದನೇ ದಿನ, ತಿಥಿ ಎಲ್ಲ ಗಂಡನ ಮನೆಯವರದೇ. ತಾಯಿ ನೆಂಟರ ಹಾಗೆ ದೂರದಲ್ಲಿ ನಿಂತಿದ್ದಳು. ಬಂದವರೆಲ್ಲ ‘ಹಣೆಬರಹ ಕಣವ್ವ, ಯಾರ ಕೈಲೈತೆ’ ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಹಣೆಬರಹ ಎಂದ ಮೇಲೆ ಯಾವ ತಾಯಿ ತಾನೇ ಇನ್ನೊಂದು ಪ್ರಶ್ನೆ ಕೇಳಿಯಾಳು? ತಿಂಗಳು ಕಳೆಯುವಷ್ಟರಲ್ಲಿ ಅವಳು ಮತ್ತೆ ಹೂವಿನ ಬುಟ್ಟಿ ಹಿಡಿದು ಕೂತಳು. ದುಃಖ ಇಳಿದಿತ್ತೆಂದಲ್ಲ. ಮದುವೆಯ ಸಾಲ ಇನ್ನೂ ಇತ್ತು. ಹೌದು ತಾಯಂದಿರೇ, ಮಗಳು ಮಣ್ಣಾದ ಮೇಲೂ ಆ ಮಗಳ ವರದಕ್ಷಿಣೆಯ ಬಡ್ಡಿಯನ್ನು ಅವಳು ಕಟ್ಟುತ್ತಿದ್ದಳು.

ಇಲ್ಲಿ ನನ್ನದೊಂದು ಮಾತನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ಅದೇ ವರ್ಷ ಬೇಸಿಗೆಯಲ್ಲಿ ಆ ಹುಡುಗಿ ನನಗೆ ಅಂಗಡಿ ಬೀದಿಯಲ್ಲಿ ಸಿಕ್ಕಿದ್ದಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮುಂಗೈವರೆಗೆ ತೋಳಿನ ರವಿಕೆ ಹಾಕಿದ್ದಳು. ‘ಚೆನ್ನಾಗಿದ್ದೀಯೇನಮ್ಮ?’ ಎಂದೆ. ‘ಚೆನ್ನಾಗಿದ್ದೀನಿ ಮಿಸ್’ ಎಂದಳು. ನಾನು ಮುಂದೆ ಹೋದೆ. ಓದಿದವಳು, ಸಂಬಳ ತರುವವಳು, ಮಹಿಳಾ ದಿನಾಚರಣೆಯಲ್ಲಿ ಭಾಷಣ ಮಾಡುವವಳು ನಾನು. ಆ ಉದ್ದ ತೋಳು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ಇನ್ನೊಂದು ಮಾತು ಕೇಳಲಿಲ್ಲ. ಹಾಗಾಗಿ ಈಗ ಹೇಳಹೊರಟಿರುವ ಇನ್ನೊಬ್ಬಾಕೆಯನ್ನು ಹೀಗಳೆಯುವ ಯೋಗ್ಯತೆ ನನಗಿಲ್ಲ.

ಆ ಹುಡುಗಿಯ ಗಂಡನ ಮನೆ ಇದ್ದದ್ದು ಒಂದು ವಠಾರದಲ್ಲಿ. ಸಾಲು ಮನೆಗಳು, ಎರಡೆರಡು ಮನೆಗೆ ಒಂದು ನಡುಗೋಡೆ. ಗೋಡೆಯ ಆಚೆ ಬದಿ ‘ಮೇಷ್ಟ್ರ ಮನೆ ಅಮ್ಮ’ ಇದ್ದರು. ಶಾಲಾ ಮೇಷ್ಟ್ರಾಗಿದ್ದ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅರವತ್ತರ ವಯಸ್ಸು, ಮಡಿ ಹುಡಿ ಎಂದು ಯಾರನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಹೂವಿನಕ್ಕ ದಿನಾ ಬೆಳಿಗ್ಗೆ ಅವರ ಮನೆಗೆ ದೇವರ ಪೂಜೆಗೆ ಬಿಡಿ ಹೂವು ಕೊಡುತ್ತಿದ್ದಳು. ಹೊಸ್ತಿಲಾಚೆ ನಿಂತು ಬಾಳೆಲೆಯ ಮೇಲೆ ಹೂವು ಇಡುವುದು, ಅಮ್ಮ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವುದು. ಹತ್ತು ಹದಿನೈದು ವರ್ಷದ ವಹಿವಾಟು. ಮಗಳನ್ನು ಪಕ್ಕದ ಮನೆಗೇ ಕೊಟ್ಟ ಮೇಲೆ ಹೂವಿನಕ್ಕ ಒಂದು ಮಾತು ಸೇರಿಸುತ್ತಿದ್ದಳಂತೆ: ‘ಅಮ್ಮೋರೆ, ನಮ್ಮುಡುಗಿ ಮೇಲೆ ಒಂದು ಕಣ್ಣಿಟ್ಟಿರಿ.’ ಅಮ್ಮ ‘ಆಗಲಿ’ ಅನ್ನುತ್ತಿದ್ದರಂತೆ.

1999ರ ಫೆಬ್ರವರಿಯಲ್ಲಿ, ಮಗಳು ಸತ್ತು ನಾಲ್ಕು ತಿಂಗಳಾದ ಮೇಲೆ, ಆ ಅಮ್ಮ ಎಂದೂ ಕಾಲಿಡದ ಬೀದಿಗೆ ಬಂದು ಹೂವಿನಕ್ಕನ ಬಾಗಿಲಲ್ಲಿ ನಿಂತರು. ‘ನಾನು ಕೇಳಿಸಿಕೊಂಡೆ ಕಣೇ. ಎರಡು ವರ್ಷ ಎಲ್ಲಾ ಕೇಳಿಸಿಕೊಂಡೆ. ಹೊಡೆಯೋದು, ಅವಳು ಬೇಡಿಕೊಳ್ಳೋದು, ಎಲ್ಲಾ. ಕೇಳಿಸಿಕೊಂಡು ರೇಡಿಯೋ ಜೋರು ಮಾಡ್ಕೊಂಡೆ’ ಎಂದರು.

ಹೂವಿನಕ್ಕ ಕೂಗಾಡಲಿಲ್ಲ. ‘ನಿಮ್ಮ ದಮ್ಮಯ್ಯ ಅಮ್ಮೋರೆ, ನನ್ನ ಕಣ್ಣಿಗೆ ಬೀಳಬ್ಯಾಡಿ’ ಎಂದು ಬಾಗಿಲು ಹಾಕಿಕೊಂಡಳು. ಅಮ್ಮ ಮರುದಿನವೂ ಬಂದರು. ಬಾಗಿಲು ತೆಗೆಯಲಿಲ್ಲ. ಮೂರನೇ ದಿನ ಬಂದು ಜಗಲಿಯ ಮೇಲೆ ಕೂತರು. ಸಂಜೆಯ ಹೊತ್ತು, ಬುಟ್ಟಿಯಲ್ಲಿ ಕಟ್ಟದ ಕನಕಾಂಬರ ಇತ್ತು. ಅಮ್ಮ ಬಾಳೆನಾರು ತೆಗೆದುಕೊಂಡು ಕಟ್ಟತೊಡಗಿದರು. ವಿಧವೆಯಾದ ದಿನದಿಂದ ಹೂವು ಕಟ್ಟಿರದ ಕೈ. ಗಂಟು ಸಡಿಲ ಬೀಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಹೂವಿನಕ್ಕ ಹೊರಗೆ ಬಂದು, ‘ಹಂಗಲ್ಲ, ಎರಡು ಸುತ್ತು ಹಾಕಬೇಕು’ ಎಂದಳು. ಅವರಿಬ್ಬರ ನಡುವೆ ಮೊದಲು ನಡೆದ ಮಾತು ಇಷ್ಟೇ.

ಈ ತಾಯಿ ಅವರನ್ನು ಯಾಕೆ ಹತ್ತಿರ ಸೇರಿಸಿಕೊಂಡಳು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಕ್ಷಮಿಸಿದಳು ಎಂದು ಸುಲಭವಾಗಿ ಹೇಳಿಬಿಡಬಹುದು. ನಾನೊಮ್ಮೆ ಅವಳನ್ನೇ ಕೇಳಿದೆ. ‘ಕ್ಷಮಿಸೋದು ಬಿಡೋದು ನಂಗೊತ್ತಿಲ್ಲ ಮಿಸ್. ನನ್ನ ಮಗಳ ಕೊನೆ ಎರಡು ವರ್ಷ ಆವಮ್ಮನ ಕಿವೀಲಿತ್ತು. ಬೇರೆ ಎಲ್ಲೂ ಇರಲಿಲ್ಲ. ನಾನೆಲ್ಲಿಗೆ ಹೋಗ್ಲಿ?’ ಎಂದಳು.

ಮೊದಮೊದಲು ಅವಳು ಕೇಳುತ್ತಿದ್ದದ್ದು ಹೊಡೆತ ಬಡಿತದ ವಿಚಾರವೇ. ಯಾವತ್ತು, ಯಾಕೆ, ಯಾರು. ಆಮೇಲೆ ಒಂದು ದಿನ ‘ಇನ್ನೇನು ಕೇಳಿಸ್ತಿತ್ತು ಅಮ್ಮೋರೆ?’ ಎಂದಳಂತೆ. ಅಮ್ಮ ನೆನಪಿಸಿಕೊಂಡು ಹೇಳಿದರು. ಮಧ್ಯಾಹ್ನ ಅತ್ತೆ ಮಲಗಿದಾಗ ಹುಡುಗಿ ಬೆಕ್ಕಿನ ಜೊತೆ ಮಾತಾಡುತ್ತಿದ್ದಳು. ಕೆಲವು ದಿನ ಮೆಲ್ಲಗೆ ಪಾಠ ಓದುತ್ತಿದ್ದಳು. ಬಿಟ್ಟುಹೋದ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟುವ ಆಸೆ ಇತ್ತೆಂದು ಕಾಣುತ್ತದೆ. ‘ಮಸ್ಕಿ, ಮಸ್ಕಿ ಅಂತ ಏನೋ ಓದ್ತಿದ್ದಳು’ ಎಂದರು ಅಮ್ಮ. ಹೂವಿನಕ್ಕ ಅದೊಂದು ಪದವನ್ನು ಹಿಡಿದುಕೊಂಡು ಕಾಲೇಜಿಗೆ ನನ್ನ ಹತ್ತಿರ ಬಂದಳು. ‘ಮಸ್ಕಿ ಅಂದ್ರೆ ಏನು ಮಿಸ್?’

ಅದು ನಾನೇ ಮಾಡಿದ ಪಾಠ. ರಾಯಚೂರು ಜಿಲ್ಲೆಯ ಒಂದು ಊರು, ಅಲ್ಲೊಂದು ಬಂಡೆಯ ಮೇಲಿನ ಬರಹ 1915ರಲ್ಲಿ ಸಿಕ್ಕಿತು. ಅದುವರೆಗೆ ‘ದೇವರಿಗೆ ಪ್ರಿಯನಾದವನು’ ಎಂದಷ್ಟೇ ಶಾಸನಗಳಲ್ಲಿ ಕಂಡಿದ್ದ ರಾಜ ಅಶೋಕನೇ ಎಂದು ಆ ಬಂಡೆಯಿಂದ ಗೊತ್ತಾಯಿತು, ಅದರಲ್ಲಿ ಅವನ ಹೆಸರೇ ಇತ್ತು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಸಿಕ್ಕಿದ ಕಲ್ಲು ಅನ್ನಿ’ ಎಂದು ಎದ್ದುಹೋದಳು. ಅವತ್ತಿನಿಂದ ನಾನೂ ಆ ಜಗಲಿಗೆ ಹೋಗತೊಡಗಿದೆ.

ಅಮ್ಮನಿಗೆ ಇನ್ನೊಂದು ವಿಷಯ ಗೊತ್ತಿತ್ತು. ಅವರ ಅಡುಗೆಮನೆಯೂ ಆ ಮನೆಯ ಅಡುಗೆಮನೆಯೂ ಬೆನ್ನಿಗೆ ಬೆನ್ನು. ಪಂಪ್ ಸ್ಟೌ ಹಚ್ಚಿದರೆ ಬುಸ್ಸೆನ್ನುವ ಸದ್ದು ಈಚೆಗೆ ಕೇಳುತ್ತದೆ. ಆ ಬೆಳಿಗ್ಗೆ ಆ ಸದ್ದೇ ಇರಲಿಲ್ಲ. ಸೀಮೆಎಣ್ಣೆಯ ವಾಸನೆ ಮೊದಲು ಬಂತು, ಚೀರಾಟ ಆಮೇಲೆ. ಹೊರಗಿನ ಚಿಲಕ ತೆಗೆದ ಸದ್ದು ಅದಕ್ಕಿಂತ ತಡವಾಗಿ ಬಂತು. ಇದನ್ನೆಲ್ಲ ಅವರು ಪೊಲೀಸರೆದುರು ಹೇಳಿಕೆ ಕೊಟ್ಟರು. ಆಕಸ್ಮಿಕ ಎಂದು ಮುಚ್ಚಿದ್ದ ಕಾಗದ ವರದಕ್ಷಿಣೆ ಸಾವಿನ ಮೊಕದ್ದಮೆಯಾಯಿತು.

ಊರು ಸುಮ್ಮನಿರುತ್ತದೆಯೇ? ‘ಈ ವಯಸ್ಸಲ್ಲಿ ಈ ಮುದುಕಿಗೆ ಊರ ಉಸಾಬರಿ ಯಾಕೆ’ ಎಂದರು. ‘ಮಡಿ ಹೆಂಗಸು ಹೂವಿನವಳ ಜಗಲೀಲಿ ಕೂತ್ಕೊಳ್ತಾಳೆ’ ಎಂದು ನಕ್ಕರು. ಮಗ ಬೆಂಗಳೂರಿನಿಂದ ಬಂದು, ‘ಹೇಳಿಕೆ ವಾಪಸು ತಗೋ, ಇಲ್ಲದಿದ್ದರೆ ನನ್ನ ಮನೆ ಬಾಗಿಲು ನಿನಗೆ ಮುಚ್ಚಿತು’ ಎಂದ. ಅಮ್ಮ ತಗೊಳ್ಳಲಿಲ್ಲ. ಅವನು ಮೂರು ವರ್ಷ ಮುಖ ತೋರಿಸಲಿಲ್ಲ. ಹೂವಿನಕ್ಕನ ಕಡೆಯವರೂ ಒಳ್ಳೆಯ ಮಾತಾಡಲಿಲ್ಲ. ‘ಮಗಳು ಸಾಯೋವಾಗ ಸುಮ್ಮನಿದ್ದವಳ ಜೊತೆ ಕೂತು ಉಣ್ತೀಯಲ್ಲ’ ಎಂದು ಅವಳ ಅಣ್ಣನೇ ಬೈದ. ಆ ಮಾತು ಸುಳ್ಳಲ್ಲ. ಅವಳಿಗೂ ಅದು ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಆ ಮಾತನ್ನು ಇಟ್ಟುಕೊಂಡೇ ಅವರು ಜೊತೆಯಾಗಿದ್ದರು.

ಜಿಲ್ಲಾ ನ್ಯಾಯಾಲಯಕ್ಕೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಬೆಳಿಗ್ಗೆ ಏಳರ ಬಸ್ಸು, ಸಂಜೆ ಆರರ ಬಸ್ಸು. ಹೆಚ್ಚಿನ ಸಲ ‘ಮುಂದಿನ ತಾರೀಖು’ ಎಂದಷ್ಟೇ ಕೇಳಿ ವಾಪಸಾಗುವುದು. ಮೊದಮೊದಲು ಅಮ್ಮ ಮನೆಯಿಂದ ತಂದ ನೀರು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ದಿನ ತಲೆ ತಿರುಗಿ ಕೂತುಬಿಟ್ಟರು. ಹೂವಿನಕ್ಕ ಎದುರಿನ ಕ್ಯಾಂಟೀನಿನಿಂದ ಟೀ ತಂದು, ‘ಅಮ್ಮೋರೆ, ಮಡಿ ಆಮ್ಯಾಕೆ, ಮೊದಲು ಸಾಕ್ಷಿ ಹೇಳಕ್ಕೆ ಜೀವ ಉಳೀಲಿ’ ಎಂದಳು. ಅಮ್ಮ ಕುಡಿದರು. ಆಮೇಲೆ ಪ್ರತಿ ಸಲವೂ ಒನ್ ಬೈ ಟೂ ಟೀ, ಹೂವಿನಕ್ಕ ತಂದ ಚಿತ್ರಾನ್ನ. ಯಾವಾಗಿನಿಂದ ಎಂದು ಗೊತ್ತಿಲ್ಲ, ‘ಅಮ್ಮೋರೆ’ ಹೋಗಿ ‘ಅಕ್ಕ’ ಆಯಿತು. ‘ಏ ಹೂವಿನವಳೇ’ ಹೋಗಿ ‘ತಂಗಿ’ ಆಯಿತು.

ಸಾಕ್ಷಿ ಹೇಳುವ ದಿನ ನಾನೂ ಹೋಗಿದ್ದೆ. ಆರೋಪಿಗಳ ಕಡೆಯ ವಕೀಲರು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ‘ಇಷ್ಟೆಲ್ಲ ಕೇಳಿಸಿತು ಅಂತೀರಲ್ಲ, ನಾಲ್ಕು ತಿಂಗಳು ಏನು ಮಾಡುತ್ತಿದ್ದಿರಿ?’ ಅಮ್ಮ ಕಟಕಟೆಯ ಅಂಚು ಹಿಡಿದುಕೊಂಡು, ‘ಹೆದರಿಕೊಂಡಿದ್ದೆ ಸ್ವಾಮಿ. ಅದಕ್ಕೆ ಮುಂಚೆ ಎರಡು ವರ್ಷ ರೇಡಿಯೋ ಜೋರು ಮಾಡ್ಕೊಂಡಿದ್ದೆ. ಅದನ್ನೂ ಬರೆದುಕೊಳ್ಳಿ’ ಎಂದರು. ಕೋರ್ಟಿನಲ್ಲಿ ಒಬ್ಬರೂ ಮಾತಾಡಲಿಲ್ಲ.

2003ರಲ್ಲಿ ತೀರ್ಪು ಬಂತು. ಗಂಡ ಕ್ರೌರ್ಯ ನಡೆಸಿದ್ದು ಸಾಬೀತು, ಮೂರು ವರ್ಷ ಶಿಕ್ಷೆ. ವರದಕ್ಷಿಣೆ ಸಾವು ಎಂಬ ಆರೋಪಕ್ಕೆ ಸಂಶಯದ ಲಾಭ. ಸಾಕ್ಷಿ ತಡವಾಗಿ ಮಾತಾಡಿದ್ದು ಆ ಸಂಶಯಕ್ಕೆ ಒಂದು ಕಾರಣ. ಅತ್ತೆ ಬಿಡುಗಡೆ. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಒಂದೇ ಸಮನೆ ಅಳುತ್ತಿದ್ದರು. ‘ನಾನು ಆವತ್ತೇ ಗೋಡೆ ಗುದ್ದಿದ್ದರೆ...’ ಎನ್ನುತ್ತಿದ್ದರು. ಹೂವಿನಕ್ಕ ಸಮಾಧಾನ ಮಾಡಲಿಲ್ಲ. ‘ಹೌದಕ್ಕ, ಗುದ್ದಿದ್ರೆ ಬದುಕ್ತಿದ್ಲು’ ಎಂದಳು. ಎಂದು, ಅವರ ಕೈ ಹಿಡಿದುಕೊಂಡಳು. ಊರು ಬರುವವರೆಗೂ ಬಿಡಲಿಲ್ಲ.

ಆ ಹೊತ್ತಿಗೆ ನಮ್ಮ ಊರಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾಗಿದ್ದವು. ಕರ್ನಾಟಕದಲ್ಲಿ ಆ ಯೋಜನೆ ಬಂದದ್ದು 2000-01ರಲ್ಲಿ ಎಂದು ನಿಮಗೆ ಗೊತ್ತೇ ಇದೆ. ಹೂವಿನಕ್ಕ ಒಂದು ಗುಂಪಿಗೆ ಸೇರಿದಳು. ಅಲ್ಲಿ ಲೆಕ್ಕ ಬರೆಯುವವರು ಇರಲಿಲ್ಲ. ‘ನಮ್ಮಕ್ಕನ್ನ ಕರ್ಕೊಂಡು ಬರ್ತೀನಿ’ ಎಂದು ಅಮ್ಮನನ್ನು ಕರೆತಂದಳು. ಅಮ್ಮ ಪ್ರತಿ ವಾರ ಬಂದು ಪುಸ್ತಕ ಬರೆದುಕೊಟ್ಟರು. ಉಳಿತಾಯ, ಸಾಲ, ಬಡ್ಡಿ, ಹಾಜರಿ. ಹಾಜರಿಯ ಪಕ್ಕದಲ್ಲಿ ತಾವೇ ಒಂದು ಗೆರೆ ಎಳೆದು ಹೊಸ ಕಲಂ ಮಾಡಿದರು. ಅದರ ತಲೆಯ ಮೇಲೆ ‘ಯಾಕೆ ಬಂದಿಲ್ಲ?’ ಎಂದು ಬರೆದರು. ಎರಡು ವಾರ ಒಬ್ಬಳು ಬರದಿದ್ದರೆ, ಸಭೆ ಮುಗಿದ ಮೇಲೆ ಇಬ್ಬರು ಅವಳ ಮನೆಗೆ ಹೋಗಿ ನೋಡಬೇಕು. ಹೊರಗಿನಿಂದ ಕೂಗಿ ಕೇಳಿದರೆ ಸಾಲದು, ಒಳಗೆ ಹೋಗಿ ಮುಖ ನೋಡಿ ಮಾತಾಡಿಸಬೇಕು. ಆ ಒಂದು ಕಲಮಿನಿಂದ ನಮ್ಮೂರಲ್ಲಿ ಎಷ್ಟು ಹೆಣ್ಣುಮಕ್ಕಳು ಬದುಕಿದರೋ ಲೆಕ್ಕ ಹಾಕಲು ಬರುವುದಿಲ್ಲ. ಸಾಯದೇ ಇದ್ದವರ ಲೆಕ್ಕವನ್ನು ಯಾರು ಇಡುತ್ತಾರೆ?

ಅಮ್ಮ 2011ರಲ್ಲಿ ತೀರಿಕೊಂಡರು. ಮಗ ಅಷ್ಟರಲ್ಲಿ ಬಂದು ಹೋಗಿ ಮಾಡುತ್ತಿದ್ದ, ಕರ್ಮಾಂತರವನ್ನು ಅವನೇ ಮಾಡಿದ. ಹೂವಿನಕ್ಕ ವಠಾರದ ಬಾಗಿಲಲ್ಲಿ ಬುಟ್ಟಿಯಿಟ್ಟುಕೊಂಡು ನಿಂತಿದ್ದಳು. ಅವನೇ ಬಂದು ‘ಒಳಗೆ ಬನ್ನಿ ಚಿಕ್ಕಮ್ಮ’ ಎಂದು ಕರೆದ.

ಇಂಥ ಗೆಳೆತನ ಇದೊಂದೇ ಅಲ್ಲ. ದೆಹಲಿಯ ಇಬ್ಬರು ತಾಯಂದಿರ ವಿಚಾರ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸತ್ಯರಾಣಿ ಚಡ್ಢಾ ಅವರ ಗರ್ಭಿಣಿಯಾಗಿದ್ದ ಮಗಳು 1979ರಲ್ಲಿ ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಕೇಳಿದ್ದದ್ದು ಒಂದು ಸ್ಕೂಟರು. ಅದೇ ಕಾಲದಲ್ಲಿ ಷಹಜಹಾನ್ ಆಪಾ ಎಂಬ ಇನ್ನೊಬ್ಬ ತಾಯಿಯ ಮಗಳೂ ಹಾಗೆಯೇ ಸತ್ತಳು. ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ. ಬೇರೆ ಬೇರೆ ಬೀದಿಯ, ಬೇರೆ ಬೇರೆ ಬದುಕಿನ ಹೆಂಗಸರು. ಸತ್ತ ಮಗಳ ಚಿತ್ರ ಹಿಡಿದು ಮೆರವಣಿಗೆಗಳಲ್ಲಿ ನಿಂತು ಜೊತೆಯಾದರು. 1987ರಲ್ಲಿ ‘ಶಕ್ತಿ ಶಾಲಿನಿ’ ಎಂಬ ಸಂಸ್ಥೆ ಕಟ್ಟಿ, ಮನೆಯಿಂದ ಹೊರಬಿದ್ದ ಹೆಣ್ಣುಮಕ್ಕಳಿಗೆ ನೆರಳಾದರು. ಸತ್ಯರಾಣಿಯವರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು ಅಳಿಯನ ಶಿಕ್ಷೆಯನ್ನು ಎತ್ತಿಹಿಡಿದದ್ದು 2013ರಲ್ಲಿ, ಮಗಳು ಸತ್ತು 34 ವರ್ಷಕ್ಕೆ. ಮರುವರ್ಷ ಆ ತಾಯಿಯೂ ತೀರಿಕೊಂಡರು. ಅವರಂಥವರು ಬೀದಿಗಿಳಿದದ್ದರಿಂದಲೇ 1983ರಲ್ಲಿ 498-ಎ, 1986ರಲ್ಲಿ 304-ಬಿ ಕಲಂಗಳು ಬಂದವು. ಈ ಕತೆಯನ್ನು ನಾನು ಹೂವಿನಕ್ಕನಿಗೆ ಹೇಳಿದಾಗ ಅವಳಂದದ್ದು: ‘ಅವರಿಬ್ರಿಗೂ ಮಗಳು ಹೋಗಿತ್ತು. ನಮ್ಮಲ್ಲಿ ನನಗೆ ಮಗಳು ಹೋಗಿತ್ತು, ಅಕ್ಕನಿಗೆ ನಿದ್ದೆ ಹೋಗಿತ್ತು.’

ಗೆಳತಿಯರೇ, ಹೆಣ್ಣಿನ ಮೇಲೆ ನಡೆಯುವ ಹಿಂಸೆಯನ್ನು ನಮ್ಮ ಸಮಾಜ ‘ಗಂಡ ಹೆಂಡಿರ ಜಗಳ, ಉಂಡು ಮಲಗುವ ತನಕ’ ಎಂದು ಗಾದೆ ಮಾಡಿಟ್ಟಿದೆ. ಹಾಗಾಗಿ ಗೋಡೆಯಾಚೆ ಏನೇ ಕೇಳಿಸಿದರೂ ಅದು ನಮ್ಮದಲ್ಲ ಎಂದುಕೊಳ್ಳುತ್ತೇವೆ. ಹೊಡೆಯುವವನಿಗೂ ಇದು ಗೊತ್ತು. ಪಕ್ಕದ ಮನೆಯವರು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನ ಕೈ ಏಳುತ್ತದೆ. ದೇಶದಲ್ಲಿ 2022ರಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಆ ಪ್ರತಿಯೊಂದು ಮನೆಗೂ ಅಕ್ಕಪಕ್ಕ ಇನ್ನೊಂದು ಮನೆ ಇತ್ತು ಎಂಬುದನ್ನು ಮರೆಯಬೇಡಿ.

ಈಗ ಕಾನೂನಿನ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ಬೇಕಾದರೆ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಒಂದು ಮನೆಯಲ್ಲಿ ಹೆಣ್ಣಿನ ಮೇಲೆ ಹಿಂಸೆ ನಡೆಯುತ್ತಿದೆ, ಅಥವಾ ನಡೆಯಬಹುದು ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಅವಳೇ ಬಂದು ಹೇಳಬೇಕೆಂದಿಲ್ಲ. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಅದಕ್ಕಾಗಿ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ ಎಂದು ಅದೇ ಕಾಯ್ದೆಯ ನಾಲ್ಕನೇ ಕಲಂ ಹೇಳುತ್ತದೆ. ನಮ್ಮ ಮೇಷ್ಟ್ರ ಮನೆ ಅಮ್ಮನ ಕಾಲಕ್ಕೆ ಈ ರಕ್ಷಣೆ ಇರಲಿಲ್ಲ. ನಿಮಗೆ ಇದೆ.

ಎರಡು. 2024ರ ಜುಲೈ 1ರಿಂದ ದಂಡ ಸಂಹಿತೆ ಬದಲಾಗಿದೆ. 498-ಎ ಇದ್ದ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳು, 304-ಬಿ ಜಾಗದಲ್ಲಿ 80ನೇ ಕಲಂ. ಹುರುಳು ಅದೇ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟಗಾಯದಿಂದ ಅಥವಾ ಸಹಜವಲ್ಲದ ರೀತಿಯಲ್ಲಿ ಸತ್ತು, ಅದಕ್ಕೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿದರೆ, ಅದು ವರದಕ್ಷಿಣೆ ಸಾವು. ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಆಗಬಹುದು. ‘ಸ್ವಲ್ಪ ಮೊದಲು’ ಎಂಬ ಮಾತನ್ನು ಗಮನಿಸಿ. ಅದನ್ನು ತೋರಿಸಬೇಕಾದವರು ಕಂಡವರು ಮತ್ತು ಕೇಳಿದವರು. ಯಾವ ದಿನ, ಯಾವ ಹೊತ್ತು, ಏನು ಎಂದು ಅಂದಂದೇ ಬರೆದಿಡಿ.

ಮೂರು. ಸುಟ್ಟಗಾಯವಾದವಳನ್ನು ಆಸ್ಪತ್ರೆಗೆ ಒಯ್ಯುವಾಗ ಅವಳ ಕಡೆಯವರೊಬ್ಬರು ಜೊತೆಯಲ್ಲಿರಲೇಬೇಕು. ಹೇಳಿಕೆ ಬರೆದುಕೊಳ್ಳಿ ಎಂದು ವೈದ್ಯರನ್ನೂ ಪೊಲೀಸರನ್ನೂ ಒತ್ತಾಯಿಸಿ. ಅವಳು ನಿಮ್ಮೆದುರು ಹೇಳಿದ ಮಾತಿಗೂ ನ್ಯಾಯಾಲಯದಲ್ಲಿ ಬೆಲೆಯಿದೆ.

ನಾಲ್ಕು. ಮದುವೆಯಲ್ಲಿ ಕೊಟ್ಟದ್ದು ಹೆಣ್ಣಿನದು. ಏಳು ವರ್ಷದೊಳಗೆ ಅವಳು ಅಸಹಜವಾಗಿ ಸತ್ತರೆ ಅದು ಅವಳ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ ಸೇರಬೇಕು ಎಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಆರನೇ ಕಲಂ ಹೇಳುತ್ತದೆ. ಹೂವಿನಕ್ಕನಿಗೆ ಸರ ಸಿಗಲಿಲ್ಲ. ಹಂಡೆ ವಾಪಸು ಬಂತು. ಅದು ಅವಳ ಸಂಘದ ಕೋಣೆಯಲ್ಲಿ ಇವತ್ತಿಗೂ ಕುಡಿಯುವ ನೀರಿಗೆ ಇದೆ.

ಐದು. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಫೋನು ಮಾಡುವುದಾದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಕೊನೆಗೆ ಒಂದು ಕಹಿ ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಸಂಘಗಳ ಸಾಲದ ಪುಸ್ತಕದಲ್ಲಿ ‘ಉದ್ದೇಶ’ ಎಂಬ ಕಡೆ ‘ಮಗಳ ಮದುವೆ’ ಎಂದು ಬರೆದಿರುತ್ತದೆ. ಅದರಲ್ಲಿ ಊಟಕ್ಕೆಷ್ಟು, ಸೀರೆಗೆಷ್ಟು, ಗಂಡಿನ ಕೈಗೆಷ್ಟು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ? ವರದಕ್ಷಿಣೆ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ವಾರವಾರ ಹೊಟ್ಟೆ ಕಟ್ಟಿ ಉಳಿಸಿದ ಹೆಂಗಸರ ದುಡ್ಡು ಹೆಂಗಸರನ್ನು ಸುಡುವುದಕ್ಕೆ ಹೋಗಬಾರದು. ಬಡ್ಡಿಗೆ ತಂದ ಹದಿನೈದು ಸಾವಿರವನ್ನು ಹೂವಿನಕ್ಕ ಮಗಳು ಹೋದ ಮೇಲೂ ಮೊಳ ಮೊಳ ಹೂವು ಮಾರಿ ತೀರಿಸಿದಳು.

ಅವಳಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣು ಮಂಜಾಗಿದೆ, ಹೂವು ಮಾತ್ರ ಕಟ್ಟುತ್ತಾಳೆ. ನಾನು ಇಲ್ಲಿಗೆ ಹೊರಡುವ ಮೊದಲು ಹೋಗಿ, ‘ಆ ಊರಿನ ಹೆಂಗಸರಿಗೆ ಏನು ಹೇಳಲಿ?’ ಎಂದು ಕೇಳಿದೆ. ‘ಗೋಡೆ ಗುದ್ದಿ ಅನ್ನಿ ಮಿಸ್’ ಎಂದಳು. ‘ಆಮ್ಯಾಕೆ ಬಂದು ಅಳೋದು ಬ್ಯಾಡ. ಆವತ್ತೇ ಗುದ್ದಿ ಅನ್ನಿ.’

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಸಂಘದ ಹಾಜರಿ ಪುಸ್ತಕ ತೆಗೆಯಿರಿ. ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ. ‘ಯಾಕೆ ಬಂದಿಲ್ಲ?’ ಎಂದು ಬರೆಯಿರಿ. ಈ ಸಭೆಗೆ ಬರಬೇಕಾಗಿದ್ದು ಬರದೇ ಉಳಿದವಳು ಯಾರು ಎಂದು ನಿಮಗೆ ಗೊತ್ತಿದೆ. ನಾಳೆ ಬೆಳಿಗ್ಗೆ ಇಬ್ಬರು ಅವಳ ಮನೆಗೆ ಹೋಗಿ ಬನ್ನಿ.